ಆಡುವುದು ಕನ್ನಡ, ಬರೆಯುವುದು ತಮಿಳು: ಕಂಬಂ ಕಣಿವೆಯ ಶಾಲೆಗಳ ಚರಿತ್ರೆ

ಕೆಲವು ವರ್ಷಗಳ ಹಿಂದೆ, ದಾಖಲಾತಿಯ ದಿನಗಳಲ್ಲಿ, ತಾಯಿಯೊಬ್ಬರು ಮಗಳ ಕೈಹಿಡಿದು ನಮ್ಮ ಶಾಲೆಗೆ ಬಂದರು. ತವರು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ. ಆಡಿದ್ದು ಕನ್ನಡ, ತುಸು ಹಳೆಯ ಜಾಡಿನದು. ಅರ್ಜಿಗೆ ರುಜು ಹಾಕಿದ್ದು ಮಾತ್ರ ತಮಿಳಿನಲ್ಲಿ. ನಮ್ಮ ಶಾಲೆಯ ನೂರು ವರ್ಷಗಳ ಕಥೆಯನ್ನು ಈ ಸಂಪುಟದಲ್ಲಿ ಹಲವರು ಬರೆದಿದ್ದಾರೆ. ನಾವು ಆ ಒಂದು ರುಜುವಿನ ಹಿಂದಿನ ಚರಿತ್ರೆಯನ್ನು ಬರೆಯಬಯಸುತ್ತೇವೆ.

ತೇನಿ 1996ರವರೆಗೆ ಮಧುರೈ ಜಿಲ್ಲೆಯ ಭಾಗವಾಗಿತ್ತು. ದಿಂಡಿಗಲ್ 1985ರಲ್ಲಿಯೇ ಬೇರೆಯಾಗಿತ್ತು. ಈ ಸೀಮೆಯಲ್ಲಿ ಒಕ್ಕಲಿಗರೆನಿಸಿದ ಕಪ್ಪಿಲಿಯರು, ಅನುಪ್ಪರು, ದೇವಾಂಗರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡವನ್ನೇ ಆಡುತ್ತ ಬಂದಿದ್ದಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥವೂ ಕಪ್ಪಿಲಿಯರನ್ನು ಕನ್ನಡದ ಬೇಸಾಯಗಾರರೆಂದೇ ಗುರುತಿಸಿದೆ. ಕಂಬಂನಲ್ಲಿ ಅವರು ದೇವರ ಹೆಸರಿನಲ್ಲಿ ಸಾಕುವ ದನದ ದೊಡ್ಡಿ, ಅಲ್ಲಿನ ನಂದಗೋಪಾಲನ ಆರಾಧನೆ, ಇವೆಲ್ಲ ಇಂದಿಗೂ ಜೀವಂತ. 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರು ಕಣಿವೆಗೆ ಇಳಿದ ಮೇಲೆ ಬೇಸಾಯ ಕುದುರಿತು. ಮಕ್ಕಳನ್ನು ಓದಿಸುವ ಚೈತನ್ಯವೂ ಬಂದಿತು.

ಓದಿಸಿದ್ದು ಎಲ್ಲಿ? ಅಮೆರಿಕನ್ ಮಧುರಾ ಮಿಷನ್ 1834ರಿಂದ ಈ ಭಾಗದಲ್ಲಿ ಶಾಲೆಗಳನ್ನು ತೆರೆಯುತ್ತಿತ್ತು. 1854ರ ವುಡ್ ವರದಿಯ ತರುವಾಯ ಖಾಸಗಿ ಶಾಲೆಗಳಿಗೆ ಸರ್ಕಾರದ ಅನುದಾನ ದೊರೆಯಿತು. ‘ಅನುದಾನಿತ’ ಎಂಬ ನಡುವಣ ವರ್ಗ ಹುಟ್ಟಿದ್ದು ಹೀಗೆ. ಪೂರ್ತಿ ಸರ್ಕಾರಿಯೂ ಅಲ್ಲ, ಪೂರ್ತಿ ಖಾಸಗಿಯೂ ಅಲ್ಲ. 1920ರ ಮದರಾಸು ಪ್ರಾಥಮಿಕ ಶಿಕ್ಷಣ ಕಾಯಿದೆಯು ಸ್ಥಳೀಯ ಸಂಸ್ಥೆಗಳ ಶಾಲೆಗಳಿಗೆ ಬಲ ನೀಡಿತು. ಅದೇ ದಶಕದಲ್ಲಿ, ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹೊತ್ತಿದ್ದ ಪಿರಮಲೈ ಕಳ್ಳರ ಮಕ್ಕಳಿಗಾಗಿ ಸರ್ಕಾರವೇ ‘ಕಳ್ಳರ್ ಸುಧಾರಣಾ ಶಾಲೆ’ಗಳನ್ನು ನಡೆಸತೊಡಗಿತು. ಒಂದು ಶಾಲೆಯ ಹೆಸರಿನಲ್ಲೇ ಮಕ್ಕಳ ಮೇಲಿನ ಆರೋಪವನ್ನು ಕೆತ್ತಿಟ್ಟದ್ದು ನಮಗೆ ಇಂದಿಗೂ ಕಸಿವಿಸಿಯ ಸಂಗತಿ. ನಾಡಾರ್ ವರ್ತಕರ ದಾರಿ ಬೇರೆ. ಅವರು ‘ಮಹಮೈ’ ಎಂಬ ವಂತಿಗೆಯನ್ನು ತಮ್ಮೊಳಗೇ ಕೂಡಿಹಾಕಿ ಶಾಲೆಗಳನ್ನು ಕಟ್ಟಿದರು. ತೇನಿಯ ನಾಡಾರ್ ಸರಸ್ವತಿ ಶಾಲೆಗಳು ಆ ಪರಂಪರೆಯವು.

ಹೀಗೆ ಮಿಷನ್ನಿಗೆ, ಸರ್ಕಾರಕ್ಕೆ, ಸಮುದಾಯಗಳಿಗೆ ತಮ್ಮ ತಮ್ಮ ಶಾಲೆಗಳಾದವು. ಕನ್ನಡದ ಮಕ್ಕಳು ಇವೆಲ್ಲವುಗಳಲ್ಲಿಯೂ ಕುಳಿತರು, ತಮಿಳು ಕಲಿತರು, ಮುಂದೆ ಬಂದರು. ಇದರಲ್ಲಿ ದೂರಬೇಕಾದದ್ದೇನೂ ಇಲ್ಲ; ಆ ಕಣಿವೆಯಲ್ಲಿ ಅನ್ನ ಕೊಡುವ ಭಾಷೆ ಅದೇ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂಬ 350ಎ ವಿಧಿಯು 1956ರಲ್ಲಿ ಸಂವಿಧಾನಕ್ಕೆ ಸೇರಿತು. ಆದರೆ ಬೇಕೆಂದು ಕೇಳುವವರಿಲ್ಲದೆ ಅಂಥ ವಿಧಿ ಕಾಗದದಿಂದ ಕೆಳಗಿಳಿಯುವುದಿಲ್ಲ. ಕಂಬಂನಲ್ಲಿ ಆದಿಚುಂಚನಗಿರಿಯ ಹೆಸರಿನದೇ ಮಹಿಳಾ ಕಾಲೇಜೊಂದಿದೆ. ನಾಗಮಂಗಲ ಸೀಮೆಯ ಹೆಸರು ಅಷ್ಟು ದೂರ ನಡೆದು ಹೋಯಿತು, ಲಿಪಿ ಹೋಗಲಿಲ್ಲ. 2006ರ ಕಾಯಿದೆಯು ತಮಿಳುನಾಡಿನ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿತು.

ನಮ್ಮಲ್ಲಿ? 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವ ಹಕ್ಕು ಪಾಲಕರದೆಂದು ತೀರ್ಪಿತ್ತಿತು. ಆ ಹಕ್ಕನ್ನು ಕನ್ನಡನಾಡಿನ ಪಾಲಕರು ಹೇಗೆ ಬಳಸುತ್ತಿದ್ದಾರೆಂಬುದು ಈ ಸಂಪುಟ ಓದುವ ತಮಗೆ ತಿಳಿದೇ ಇದೆ. ಕಂಬಂನವರಿಗೆ ಕನ್ನಡ ಶಾಲೆಯ ಆಯ್ಕೆ ಎದುರಾದದ್ದೇ ವಿರಳ.

ಆ ಬಾಲಕಿ ನಮ್ಮಲ್ಲಿ ಎರಡು ವರ್ಷ ಓದಿದಳು. ಎರಡನೆಯ ವರ್ಷ ತರಗತಿಯ ಅಭ್ಯಾಸಕ್ಕೆಂದು ಕಂಬಂನ ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆದಳು. ಕಾಗದ ತಲುಪಿತು, ಆ ಮನೆಯಲ್ಲಿ ಓದಬಲ್ಲವರು ಇರಲಿಲ್ಲ. ಕೊನೆಗೆ ಅವಳೇ ತನ್ನ ಟಿಪ್ಪಣಿ ಪುಸ್ತಕದ ಕರಡನ್ನು ತೆರೆದಿಟ್ಟುಕೊಂಡು ಫೋನಿನಲ್ಲಿ ಸಾಲುಸಾಲಾಗಿ ಓದಿ ಹೇಳಿದಳಂತೆ. ಅಜ್ಜಿಗೆ ಒಂದು ಮಾತೂ ಬಿಡದೆ ಅರ್ಥವಾಯಿತು.