ಬಾಗಿಲಲ್ಲಿ ಹಿಡಿದ ಅಳತೆ: ಒಳಾಂಗಣ ವೈಫೈ ಸ್ಥಾನನಿರ್ಣಯದಲ್ಲಿ ಆಧಾರಬಿಂದುಗಳ ಪ್ರಶ್ನೆ

ಸೂರಿನಡಿ ಜಿಪಿಎಸ್ ಕೈಕೊಡುತ್ತದೆ. ಅಲ್ಲಿ ವೈಫೈ ಸಿಗ್ನಲ್‌ನ ಬಲದಿಂದಲೇ ಸಾಧನದ ಜಾಗ ಹೇಳಬಹುದೆಂದು 2000ರಲ್ಲಿ ಬಾಹ್ಲ್ ಮತ್ತು ವೆಂಕಟ ಪದ್ಮನಾಭನ್ ಅವರ ‘ರೇಡಾರ್’ ವ್ಯವಸ್ಥೆ ತೋರಿಸಿತು. ಒಂದು ಮಹಡಿಯ 70 ತಾಣಗಳಲ್ಲಿ ಮೊದಲೇ ಅಳೆದಿಟ್ಟ ಸಿಗ್ನಲ್‌ಗಳ ನೆರವಿನಿಂದ ಅದರ ಮಧ್ಯಾಂಕ ದೋಷ 2ರಿಂದ 3 ಮೀಟರಿಗಿಳಿಯಿತು. 2005ರ ‘ಹೋರಸ್’ ಈ ದಾರಿಯನ್ನೇ ಸಂಭವನೀಯತೆಯ ಗಣಿತದಿಂದ ಹರಿತಗೊಳಿಸಿತು. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಹುಟ್ಟುವುದು ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಿಂದ 2010ರಲ್ಲಿ ಬಂದ ‘ಈಝೀ’ಯ ಬಗ್ಗೆ. ಮುಂಗಡ ಅಳತೆಯೇ ಬೇಡವೆಂಬುದು ಚಿಂತಲಪೂಡಿ, ಅಯ್ಯರ್ ಮತ್ತು ಪದ್ಮನಾಭನ್ ಅವರ ವಾದ. ಸಣ್ಣ ಕಟ್ಟಡದಲ್ಲಿ ಅದರ ಮಧ್ಯಾಂಕ ದೋಷ 2 ಮೀಟರ್, ದೊಡ್ಡದರಲ್ಲಿ 7. ಹೋರಸ್‌ನದು ಕ್ರಮವಾಗಿ 0.7 ಮತ್ತು 4. ಈಝೀಯ ಲೆಕ್ಕ ಹೀಗಿದೆ: ಪ್ರತಿ ಆಕ್ಸೆಸ್ ಪಾಯಿಂಟಿಗೆ ನಾಲ್ಕು ಅಜ್ಞಾತಗಳು (ಎರಡು ನಿರ್ದೇಶಾಂಕ, ಪ್ರಸಾರಬಲ, ಕ್ಷೀಣತೆಯ ಘಾತ), ಪ್ರತಿ ಮೊಬೈಲ್ ತಾಣಕ್ಕೆ ಎರಡು. 5 ಪಾಯಿಂಟು, 10 ತಾಣಗಳಿದ್ದರೆ 40 ಅಜ್ಞಾತಗಳಿಗೆ, ಪಾಯಿಂಟು-ತಾಣದ ಪ್ರತಿ ಜೋಡಿಗೊಂದರಂತೆ, 50 ಸಮೀಕರಣ ಸಿಗುತ್ತವೆ.

ಆದರೆ ಇದರಿಂದ ದಕ್ಕುವುದು ಆಕಾರ ಮಾತ್ರ. ಕ್ಷೀಣತೆ ದೂರದ ಲಾಗರಿತಮ್ಮನ್ನು ಅನುಸರಿಸುವುದರಿಂದ, ಇಡೀ ನಕ್ಷೆಯನ್ನು ಇಮ್ಮಡಿ ಹಿಗ್ಗಿಸಿ ಪ್ರಸಾರಬಲವನ್ನು ಅದಕ್ಕೆ ತಕ್ಕಂತೆ ಏರಿಸಿದರೂ ಸಮೀಕರಣಗಳು ಹಾಗೇ ನಿಲ್ಲುತ್ತವೆ. ಅಳತೆಮಾನ ಬರುವುದು ಬಾಗಿಲು, ಕಿಟಕಿಗಳ ಬಳಿ ಆಗೊಮ್ಮೆ ಈಗೊಮ್ಮೆ ಸಿಗುವ ಜಿಪಿಎಸ್ ಆಧಾರಬಿಂದುಗಳಿಂದ. ಲೇಖಕರು ಇದನ್ನು ಮರೆಮಾಚಿಲ್ಲ. ನನ್ನ ಆಕ್ಷೇಪವಿಷ್ಟೇ: ಆ ಬಿಂದುಗಳು ಎಷ್ಟಿವೆ ಎಂಬುದಕ್ಕಿಂತ ಎಷ್ಟು ಹರಡಿಕೊಂಡಿವೆ ಎಂಬುದು ಮುಖ್ಯ. ಪೀಣ್ಯದಲ್ಲಿ ಕಾಣುವಂಥ, ಮುಂದೊಂದೇ ರೋಲಿಂಗ್ ಶಟರ್ ಇರುವ ತಗಡಿನ ಷೆಡ್ಡನ್ನು ಊಹಿಸಿ. ಬಾಗಿಲ ಬಳಿಯ ಎರಡು ಬಿಂದುಗಳ ನಡುವಿನ 10 ಮೀಟರನ್ನು ಜಿಪಿಎಸ್ 15 ಎಂದು ತೋರಿಸಿದರೆ, 40 ಮೀಟರ್ ಒಳಗಿರುವ ಲೇತ್ 60 ಮೀಟರಿಗೆ ಸರಿಯುತ್ತದೆ. ವೈಟ್‌ಫೀಲ್ಡಿನ ಗಾಜಿನ ಕಚೇರಿಗಳಲ್ಲಿ ಬಿಂದುಗಳು ನಾಲ್ಕೂ ಬದಿಗೆ ಹರಡಿಕೊಂಡಾವು, ಗಾಜಿಗೆ ಲೋಹದ ಲೇಪ ಇಲ್ಲದಿದ್ದರೆ.

ಈ ಮಾತಿಗೆ ಮಿತಿಗಳಿವೆ. ಬಿಂದುಗಳು ಹೆಚ್ಚಿದಂತೆ ಯಾದೃಚ್ಛಿಕ ದೋಷ ತಗ್ಗುತ್ತದೆ. ಎದುರುಗೋಡೆಯ ಪ್ರತಿಫಲನದಿಂದ ಎಲ್ಲಕ್ಕೂ ಸಮನಾಗಿ ತಗಲುವ ದೋಷ ತಗ್ಗದು. ಪ್ರಸಾರಬಲ ಮೊದಲೇ ಗೊತ್ತಿದ್ದರೆ ಅಳತೆಮಾನ ಅದರಿಂದಲೂ ಸಿಕ್ಕೀತು. ಆದರೆ ಘಾತ 2 ಆಗಿರುವಲ್ಲಿ 6 ಡೆಸಿಬೆಲ್ ಅನಿಶ್ಚಿತತೆಯೇ ದೂರವನ್ನು ಇಮ್ಮಡಿಯಾಗಿಸುತ್ತದೆ.

ಅದೇ ಪ್ರಯೋಗಾಲಯದ ‘ಝೀ’ (2012) ಹೆಜ್ಜೆ ಎಣಿಸುತ್ತದೆ. 2018ರ ಆಂಡ್ರಾಯ್ಡ್ 9ರಲ್ಲಿ ಬಂದ ವೈಫೈ ಆರ್‌ಟಿಟಿ ಸಂಕೇತದ ಪ್ರಯಾಣಕಾಲದಿಂದ ದೂರ ಅಳೆಯುತ್ತದೆ. ಎರಡೂ ಅಳತೆಗೋಲನ್ನು ಬೇರೆಡೆಯಿಂದ ತಂದುಕೊಂಡಿರುವುದು ನನ್ನ ಓದಿಗೆ ಪೂರಕ. ಆದರೂ ಝೀ ನಡಿಗೆಯ ಹಾದಿಯನ್ನು ಗುರುತಿಸುವುದು ನಕ್ಷೆಯ ಗೋಡೆಗಳಿಂದ. ಗೋಡೆ ಕಡಿಮೆ, ಕಬ್ಬಿಣ ಹೆಚ್ಚು ಇರುವ ಷೆಡ್ಡಿನಲ್ಲಿ ಯಂತ್ರಗಳ ಸಾಲೇ ಗೋಡೆಯ ಕೆಲಸ ಮಾಡೀತೇ? ಇಲ್ಲಿರುವುದು ಬರಿಯ ಲೆಕ್ಕ. ಉತ್ತರವನ್ನು ಷೆಡ್ಡಿನೊಳಗೆ ನಡೆದೇ ಪಡೆಯಬೇಕು.