ಬಚ್ಚಲಿನಿಂದ ಘಟಕದವರೆಗೆ: ವೃಷಭಾವತಿ ಕಣಿವೆಯಲ್ಲಿ ಕೊಳಚೆನೀರು ತಪ್ಪುವ ದಾರಿ

ಬೆಂಗಳೂರಿನ ಬ್ಯಾಡರಹಳ್ಳಿಯಲ್ಲಿ ನಿಂತವರಿಗೆ ವೃಷಭಾವತಿ ನದಿ ಕಾಣುವುದಿಲ್ಲ. ಕಾಣುವುದು ಮಾಗಡಿ ರಸ್ತೆ, ಅದರ ಆಚೀಚೆ ಒತ್ತೊತ್ತಾಗಿ ಎದ್ದ ಮನೆಗಳು, ಮನೆಗಳ ಮುಂದೆ ಹರಿಯುವ ಮೋರಿ. ಸಮೀಪದ ಹೇರೋಹಳ್ಳಿ, ಮಲ್ಲತ್ತಹಳ್ಳಿ ಕೆರೆಗಳು ವೃಷಭಾವತಿ ಕಣಿವೆಗೆ ಸೇರಿದವು. ನಾಯಂಡಹಳ್ಳಿಯಲ್ಲಿ ಮೂಗು ಮುಚ್ಚಿಕೊಂಡು ದಾಟುವ ಕಪ್ಪು ಹೊಳೆಯ ಕತೆ ಇಂಥ ಬಡಾವಣೆಗಳ ಮೋರಿಗಳಲ್ಲೇ ಶುರುವಾಗುತ್ತದೆ. ಈ ಹೊಳೆಯ ಆರೋಗ್ಯವನ್ನು ನಾವು ಶುದ್ಧೀಕರಣ ಘಟಕಗಳ ಸಾಮರ್ಥ್ಯದ ಲೆಕ್ಕದಲ್ಲಿ ನೋಡುತ್ತಾ ಬಂದಿದ್ದೇವೆ. ಮನೆಯ ಬಚ್ಚಲಿನಿಂದ ಘಟಕದ ಬಾಗಿಲಿನವರೆಗಿನ ದಾರಿಯಲ್ಲಿ ಎಷ್ಟು ನೀರು ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಮೊದಲು ಅಳೆಯಬೇಕು ಎನ್ನುವುದು ಈ ಲೇಖನದ ವಾದ.

ಬೆಂಗಳೂರು ದಿಣ್ಣೆಯ ಮೇಲಿನ ಊರು. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಗೆ ಇಳಿದರೆ ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಕಡೆ ಹರಿಯುತ್ತದೆ. ವೃಷಭಾವತಿ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಎಂಬುದು ಊರಿನ ನಂಬಿಕೆ. ಮಲ್ಲೇಶ್ವರದ ಕಾಡುಮಲ್ಲೇಶ್ವರ ಗುಡಿಯ ಎದುರಿನ ನಂದಿತೀರ್ಥವೂ ಒಂದು ಮೂಲ ಎನ್ನುವವರಿದ್ದಾರೆ. ಎರಡೂ ಕಡೆ ನೀರು ನಂದಿಯೊಡನೆ ಸೇರಿಕೊಂಡಿದೆ, ಹೆಸರಿನಲ್ಲೂ ಅವನೇ ಇದ್ದಾನೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಇದೇ ಹೊಳೆಯ ಮಗ್ಗುಲಿನದು. ಅಲ್ಲಿಂದ ಕೆಂಗೇರಿ, ಬಿಡದಿ ಸೀಮೆಯ ಬೈರಮಂಗಲ ಜಲಾಶಯ, ಮುಂದೆ ಕನಕಪುರದ ಕಡೆ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ನಗರ ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತರಿಸಿಕೊಳ್ಳುವ ಕಾವೇರಿ ನೀರಿನಲ್ಲಿ ದೊಡ್ಡ ಪಾಲು ಈ ದಾರಿಯಲ್ಲೇ ಕೊಳಚೆಯಾಗಿ ಕಾವೇರಿಗೆ ಮರಳುತ್ತದೆ.

ಸಮಸ್ಯೆಯ ಬೇರು ಕೆಲಸಗಳ ಅನುಕ್ರಮದಲ್ಲಿದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಹೇರೋಹಳ್ಳಿಯೂ ಸೇರಿ 110 ಹಳ್ಳಿಗಳು ನಗರದೊಳಕ್ಕೆ ಬಂದವು. ಈ ಭಾಗದಲ್ಲಿ ಕಂದಾಯ ನಿವೇಶನಗಳು ಮಾರಾಟವಾಗಿ ಮನೆಗಳು ಮೊದಲು ಎದ್ದವು. ಬೋರ್‌ವೆಲ್, ಟ್ಯಾಂಕರ್ ಆಮೇಲೆ. ಒಳಚರಂಡಿ ಎಲ್ಲಕ್ಕಿಂತ ಕೊನೆಗೆ. 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಪೂರೈಸಿದ ನೀರಿನಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ರೂಢಿಯ ಲೆಕ್ಕ. ಆ ಪ್ರಕಾರ ಈ ಒಂದೇ ಹಂತ ತನ್ನ ಪೂರ್ಣ ಸಾಮರ್ಥ್ಯದಲ್ಲಿ ದಿನಕ್ಕೆ 62 ಕೋಟಿ ಲೀಟರ್ ಕೊಳಚೆನೀರನ್ನು ಹುಟ್ಟಿಸಬಲ್ಲದು. ಈ ಭಾಗಕ್ಕೆ ಹತ್ತಿರದ ಮಲ್ಲತ್ತಹಳ್ಳಿಯ ಶುದ್ಧೀಕರಣ ಘಟಕದ ಸಾಮರ್ಥ್ಯ ದಿನಕ್ಕೆ 50 ಲಕ್ಷ ಲೀಟರ್. ದೊಡ್ಡ ಘಟಕಗಳು ಕಣಿವೆಯ ಕೆಳಗೆ ಮೈಲಸಂದ್ರ, ಕೆಂಗೇರಿ, ದೊಡ್ಡಬೆಲೆಗಳಲ್ಲಿವೆ. ಆದರೆ ಅಲ್ಲಿಗೆ ಈ ಭಾಗದ ಕೊಳಚೆ ತಲುಪಬೇಕಲ್ಲ.

ಒಳಚರಂಡಿ ಇಲ್ಲದ ಮನೆಯ ಕೊಳಚೆಗೆ ಎರಡೇ ದಾರಿ. ಒಂದು, ಮನೆಯ ಮುಂದಿನ ಗುಂಡಿ. ಇಲ್ಲಿನ ನೆಲ ಒಳಗೆ ಬಿರುಕುಬಿಟ್ಟ ಗಟ್ಟಿ ಬಂಡೆಯದು; ಗುಂಡಿಯಿಂದ ಇಂಗಿದ ನೈಟ್ರೇಟು ಆ ಬಿರುಕುಗಳ ಮೂಲಕ ಪಕ್ಕದ ಬೋರ್‌ವೆಲ್ಲಿಗೆ ಹೋಗಬಲ್ಲದು. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಗುಂಡಿ ತುಂಬಿದಾಗ ಲಾರಿ ಕರೆಸಬೇಕು. ಲಾರಿಯವರು ಅದನ್ನು ಎಲ್ಲಿ ಸುರಿಯುತ್ತಾರೆ ಎಂದು ಕೇಳುವವರು ಕಡಿಮೆ. ಇನ್ನೊಂದು ದಾರಿ, ಸೀದಾ ಮಳೆನೀರಿನ ಮೋರಿಗೆ. ಮೋರಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ, ಕೆರೆಯ ಕೋಡಿ ಹೊಳೆಗೆ.

ಒಳಚರಂಡಿ ಬಂದ ಮೇಲೂ ದಾರಿ ಪೂರ್ತಿ ಸರಿಯಾಗುವುದಿಲ್ಲ. ಇಳಿಜಾರು ಬೇಕೆಂದು ದೊಡ್ಡ ಕೊಳವೆಗಳನ್ನು ಕಣಿವೆಯ ತಳದಲ್ಲಿ, ಹೆಚ್ಚಾಗಿ ರಾಜಕಾಲುವೆಯ ಮಗ್ಗುಲಿನಲ್ಲೇ ಹಾಕುತ್ತಾರೆ. ಹೂಳು ಕಟ್ಟಿದ ಚೇಂಬರ್ ಉಕ್ಕಿದರೆ ಕೊಳಚೆ ಕಾಲುವೆಗೇ ಇಳಿಯುತ್ತದೆ. ಮಳೆ ಬಂದಾಗ ಕಾಲುವೆಯ ನೀರು ಒಡೆದ ಚೇಂಬರಿನೊಳಗೆ ನುಗ್ಗಿ ಘಟಕದ ಮೇಲೆ ತಡೆಯಲಾರದ ಹೊರೆ ಹಾಕುತ್ತದೆ. ಆ ಚೇಂಬರಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸುವ ಕ್ರೌರ್ಯವನ್ನು 2013ರ ಕಾಯ್ದೆ ನಿಷೇಧಿಸಿದ್ದರೂ ಪ್ರಾಣಹಾನಿ ನಿಂತಿಲ್ಲ ಎಂಬುದನ್ನು ಕೊಳಚೆಯ ಬಗ್ಗೆ ಬರೆಯುವ ಯಾರೂ ಮರೆಯುವಂತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀರಿನಲ್ಲಿರುವ ಸಾವಯವ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಪ್ರಮಾಣಕ್ಕೆ ಬಿಒಡಿ ಎನ್ನುತ್ತೇವೆ. ಮನೆಗಳ ಕೊಳಚೆಯಲ್ಲಿ ಅದು ಲೀಟರಿಗೆ ಸುಮಾರು 250 ಮಿಲಿಗ್ರಾಂ ಎಂದಿಟ್ಟುಕೊಳ್ಳೋಣ. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಅದು 3 ಮೀರಬಾರದು. ಘಟಕದಿಂದ ಹೊರಬರುವ ನೀರಿಗೆ ಮಹಾನಗರಗಳಲ್ಲಿ 20 ಮಿಲಿಗ್ರಾಂ ಇದ್ದರೆ ಸಾಕೆಂದು ಕೇಂದ್ರ ಪರಿಸರ ಮಂತ್ರಾಲಯ 2017ರಲ್ಲಿ ಅಧಿಸೂಚನೆ ಹೊರಡಿಸಿತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 10ಕ್ಕೆ ಬಿಗಿಗೊಳಿಸಿತು. 10 ಇರುವ ಒಂದು ಲೀಟರ್ ನೀರನ್ನು 3ಕ್ಕೆ ಇಳಿಸಲು, ಬಿಒಡಿ 1 ಇರುವ ತಿಳಿನೀರು ಮೂರೂವರೆ ಲೀಟರ್ ಬೇಕು. ತುಂಬಿ ಹರಿಯುವ ನದಿಗೆ ಇದು ಕಷ್ಟವಲ್ಲ. ಬೇಸಿಗೆಯ ವೃಷಭಾವತಿಯಲ್ಲಿ ಆ ಮೂರೂವರೆ ಲೀಟರ್ ಎಲ್ಲಿದೆ? ಅಲ್ಲಿ ಹರಿಯುವುದೇ ನಗರ ಬಿಟ್ಟ ನೀರು. ಹೊಳೆ ತನ್ನದೇ ನೀರಿನಿಂದ ಕೊಳೆಯನ್ನು ತಿಳಿಮಾಡಿಕೊಳ್ಳುತ್ತದೆ ಎಂಬ ನಿರೀಕ್ಷೆ ಇಲ್ಲಿ ಸಲ್ಲದು.

ಇನ್ನೊಂದು ಲೆಕ್ಕ ಇದಕ್ಕಿಂತ ಮುಖ್ಯ. ಕಣಿವೆಯ ಕೊಳಚೆಯಲ್ಲಿ ಶೇ. 90 ಘಟಕಕ್ಕೆ ಹೋಗಿ 10 ಮಿಲಿಗ್ರಾಂಗೆ ಶುದ್ಧವಾಗಿ ಬರುತ್ತದೆ, ಶೇ. 10 ಮಾತ್ರ ತಪ್ಪಿಸಿಕೊಂಡು ಹಾಗೆಯೇ ಹೊಳೆಗೆ ಸೇರುತ್ತದೆ ಎಂದುಕೊಳ್ಳಿ. ಎರಡೂ ಕಲೆತಾಗ ಬಿಒಡಿ 34 ಆಗುತ್ತದೆ. ಅದರಲ್ಲಿ 25 ತಪ್ಪಿಸಿಕೊಂಡ ಆ ಹತ್ತನೇ ಒಂದು ಪಾಲಿನದೇ. ಬದಲಿಗೆ ಘಟಕವನ್ನು ಹಳೆಯ 20ರ ಮಟ್ಟದಲ್ಲೇ ಬಿಟ್ಟು, ತಪ್ಪುವ ಪಾಲನ್ನು ಶೇ. 2ಕ್ಕೆ ಇಳಿಸಿದರೆ ಬಿಒಡಿ 25ಕ್ಕಿಂತ ತುಸು ಕಡಿಮೆಗೆ ಬರುತ್ತದೆ. ಹರಿಯುತ್ತಾ ಹೊಳೆ ತಾನಾಗಿ ಮಾಡಿಕೊಳ್ಳುವ ಶುದ್ಧಿಯನ್ನು ಈ ಸರಳ ಲೆಕ್ಕ ಬಿಟ್ಟಿದೆ, ನಿಜ. ಆದರೂ ಕೊಳವೆ ಸೋರುವ ಕಡೆ ಹೊಸ ಘಟಕಕ್ಕಿಂತ, ಕೊಳವೆ ಗಟ್ಟಿಯಿರುವ ಕಡೆ ಹಳೆಯ ಘಟಕವೇ ಹೊಳೆಗೆ ಹೆಚ್ಚು ಉಪಕಾರಿ ಎಂಬುದು ಇದರಿಂದ ಸ್ಪಷ್ಟ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯೂ ಇದನ್ನೇ ದೇಶದ ಮಟ್ಟದಲ್ಲಿ ತೋರಿಸುತ್ತದೆ: ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ಹುಟ್ಟುತ್ತದೆ, ಕಟ್ಟಿದ ಘಟಕಗಳ ಸಾಮರ್ಥ್ಯ 31,841, ನಿಜವಾಗಿ ಶುದ್ಧವಾಗುವುದು 20,236. ಸಾಮರ್ಥ್ಯ ಸಾಲದು ಎಂದು ಕೂಗುವ ನಾವು, ಇರುವ ಸಾಮರ್ಥ್ಯದ ಮೂರನೇ ಒಂದು ಪಾಲಿಗಿಂತ ಹೆಚ್ಚು ಬಳಕೆಯಾಗದೆ ಉಳಿದದ್ದನ್ನು ಗಮನಿಸುವುದಿಲ್ಲ.

ತಪ್ಪಿಸಿಕೊಂಡ ಕೊಳಚೆಯ ಬೆಲೆ ತೆರುತ್ತಿರುವವರು ಹೊಳೆಯ ಕೆಳಗಿನವರು. 1940ರ ದಶಕದಲ್ಲಿ ನೀರಾವರಿಗಾಗಿ ಕಟ್ಟಿದ ಬೈರಮಂಗಲ ಜಲಾಶಯ ಇಂದು ನೊರೆ ಮತ್ತು ನಾತಕ್ಕೆ ಹೆಸರಾಗಿದೆ. ಅಲ್ಲಿನ ರೈತರು ಇದೇ ನೀರಿನಲ್ಲಿ ಮೇವಿನ ಹುಲ್ಲು, ಹಿಪ್ಪುನೇರಳೆ, ಬೇಬಿಕಾರ್ನ್ ಬೆಳೆಯುತ್ತಾರೆ. ನೀರು ವರ್ಷವಿಡೀ ಬರುತ್ತದೆ ಎಂಬುದು ಅವರಿಗೊಂದು ಆಸರೆ. ಆ ಆಸರೆಯೊಳಗೆ ಏನೇನು ಕರಗಿದೆ ಎಂಬುದು ಅವರ ಕೈಯಲ್ಲಿಲ್ಲ. ನಗರದ ಹಾಲು, ತರಕಾರಿಯ ಒಂದು ಪಾಲು ಸುತ್ತಲಿನ ಇಂಥ ಹಳ್ಳಿಗಳದೇ ಎಂಬುದನ್ನು ನೆನೆದರೆ ಬ್ಯಾಡರಹಳ್ಳಿಯ ಬಚ್ಚಲಿನಿಂದ ಹೋದದ್ದು ಅದೇ ಬ್ಯಾಡರಹಳ್ಳಿಯ ಅಡುಗೆಮನೆಗೆ ಮರಳಿ ಬರಬಹುದು ಎನ್ನಿಸುತ್ತದೆ.

ಬಚ್ಚಲಿನಿಂದ ಘಟಕದವರೆಗಿನ ದಾರಿ ಚಿಕ್ಕದಾದಷ್ಟೂ ತಪ್ಪುವ ನೀರು ಕಡಿಮೆ. ಆದ್ದರಿಂದ ಮೇಲ್ಕಣಿವೆಯಲ್ಲೇ, ಕೆರೆಗಳ ಒಳಹರಿವಿನಲ್ಲೇ ಚಿಕ್ಕ ಘಟಕಗಳು ಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಘಟಕದಿಂದ ಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಕೆರೆಗಿಳಿಯುವ ಏರ್ಪಾಡು ಇದೆ. ಘಟಕ ಬಿಟ್ಟ ರಂಜಕ, ಸಾರಜನಕವನ್ನು ಗಿಡಗಳು ಒಂದಿಷ್ಟು ಹೀರುತ್ತವೆ. ಇದನ್ನು ಹೇರೋಹಳ್ಳಿಯಲ್ಲಿ ನಕಲು ಮಾಡುವುದು ಸುಲಭವಲ್ಲ, ಜೌಗಿಗೆ ಜಾಗ ಬೇಕು, ಜಾಗವೇ ಇಲ್ಲಿ ಚಿನ್ನ. ಒಳಚರಂಡಿ ತಲುಪುವವರೆಗೆ ಗುಂಡಿಗಳ ಹೂಳಿಗೂ ಒಂದು ನೆಲೆ ಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲದ ಹೂಳಿನ ಶುದ್ಧೀಕರಣ ಘಟಕ ದೇಶಕ್ಕೇ ಮೊದಲಿನದು ಎನ್ನಿಸಿಕೊಂಡಿದೆ. ಲಾರಿಯವರಿಗೆ ಸುರಿಯಲು ನ್ಯಾಯವಾದ ಜಾಗವೊಂದನ್ನು ಅದು ಕೊಟ್ಟಿತು. ಮಾಗಡಿ ರಸ್ತೆಯ ಉದ್ದಕ್ಕೂ ಗುಂಡಿಗಳನ್ನೇ ನಂಬಿದ ಬಡಾವಣೆಗಳಿಗೆ ಅಂಥದೊಂದು ಘಟಕವನ್ನು ಯೋಚಿಸಬಾರದೇಕೆ?

ಎಲ್ಲಕ್ಕೂ ಮೊದಲು ತಪ್ಪುವ ನೀರಿನ ಅಳತೆ ಆಗಬೇಕು. ಅದಕ್ಕೆ ದುಬಾರಿ ಯಂತ್ರ ಬೇಡ. ಮಳೆ ಇಲ್ಲದ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಈ ರಾಜಕಾಲುವೆಗಳು ಒಣಗಿರಬೇಕು. ಆಗ ಅಲ್ಲಿ ಹರಿಯುವುದೆಲ್ಲ ಬಹುತೇಕ ದಾರಿ ತಪ್ಪಿದ ಕೊಳಚೆಯೇ. ಕಾಲುವೆಗೆ ಅಡ್ಡಲಾಗಿ ವಿ ಆಕಾರದ ಕಚ್ಚು ಕೊರೆದ ಹಲಗೆಯನ್ನಿಟ್ಟು, ಮನೆಗಳಲ್ಲಿ ನೀರಿನ ಬಳಕೆ ಜೋರಿರುವ ಬೆಳಗಿನ ಆರರಿಂದ ಒಂಬತ್ತರವರೆಗೂ, ಊರು ಮಲಗಿದ ರಾತ್ರಿ ಎರಡು ಗಂಟೆಗೂ ಕಚ್ಚಿನ ಮೇಲೆ ನೀರು ಎಷ್ಟು ಎತ್ತರ ನಿಂತಿದೆ ಎಂದು ಓದಿದರೆ ಹರಿವಿನ ಲೆಕ್ಕ ಸಿಗುತ್ತದೆ. ಕಾಲೇಜಿನ ವಿದ್ಯಾರ್ಥಿಗಳೇ ಇದನ್ನು ಮಾಡಬಲ್ಲರು. ಮೊದಲ ಹಲಗೆಯನ್ನು ಹೇರೋಹಳ್ಳಿ ಕೆರೆಯ ಒಳಹರಿವಿನ ಬಾಯಲ್ಲಿ, ಎರಡನೆಯದನ್ನು ಮಲ್ಲತ್ತಹಳ್ಳಿಯಲ್ಲಿ ಇಡಬಹುದು.