ಮಲ್ಲೇಶ್ವರದ ಕ್ಲೂನಿ ಕಾನ್ವೆಂಟ್: ದಂಡಿನಿಂದ ಬಡಾವಣೆಗೆ ಬಂದ ಕಾನ್ವೆಂಟ್ ಶಿಕ್ಷಣ

ಯಶವಂತಪುರಕ್ಕೆ ಹೊಂದಿಕೊಂಡಿರುವ ಮಲ್ಲೇಶ್ವರದ ಕ್ಲೂನಿ ಕಾನ್ವೆಂಟ್ ಪ್ರೌಢಶಾಲೆ 1948ರಲ್ಲಿ ಆರಂಭವಾದ ಖಾಸಗಿ ಕಥೋಲಿಕ ಹೆಣ್ಣುಮಕ್ಕಳ ಶಾಲೆ. ಕ್ಲೂನಿಯ ಸಂತ ಜೋಸೆಫರ ಧರ್ಮಭಗಿನಿಯರ ಸಂಸ್ಥೆ ಇದನ್ನು ಸ್ಥಾಪಿಸಿತು. ಬಹುಮಟ್ಟಿಗೆ ದಂಡು (ಕಂಟೋನ್ಮೆಂಟ್) ಪ್ರದೇಶದಲ್ಲಿ ಬೆಳೆದ ಕಾನ್ವೆಂಟ್ ಶಿಕ್ಷಣವು ಕನ್ನಡ ಮನೆಮಾತಿನ ಬಡಾವಣೆಗಳ ಬಾಗಿಲಿಗೆ ಬಂದ ಘಟ್ಟವನ್ನು ಈ ಶಾಲೆಯ ಇತಿಹಾಸದಲ್ಲಿ ಕಾಣಬಹುದು.

ಬೆಂಗಳೂರಿನಲ್ಲಿ ಈ ಪರಂಪರೆ ಮೊದಲಾದದ್ದು 1854ರಲ್ಲಿ. ಮೈಸೂರು ಸೀಮೆಯ ಕಥೋಲಿಕರ ಧರ್ಮಾಧ್ಯಕ್ಷರಾಗಿದ್ದ ಶಾರ್ಬೊನೊ ಅವರ ಆಹ್ವಾನದ ಮೇರೆಗೆ ಫ್ರಾನ್ಸಿನ ಆಂಜೆ ನಗರದ ಗುಡ್ ಶೆಫರ್ಡ್ ಭಗಿನಿಯರು ಇಲ್ಲಿಗೆ ಬಂದರು. ಮ್ಯೂಸಿಯಂ ರಸ್ತೆಯ ಸೇಕ್ರೆಡ್ ಹಾರ್ಟ್ ಬಾಲಕಿಯರ ಶಾಲೆ ಅವರದು. 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಆರಂಭಿಸಿದವರೂ ಅವರೇ.

ಆಗ ಊರು ಪೇಟೆ ಮತ್ತು ದಂಡು ಎಂದು ಎರಡಾಗಿತ್ತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಪೇಟೆಯಲ್ಲಿ ಸಂಸ್ಥಾನದ ಆಡಳಿತ ಮತ್ತು ಕನ್ನಡ; ದಂಡಿನಲ್ಲಿ ಇಂಗ್ಲಿಷ್, ತಮಿಳು, ಉರ್ದು. 1947ರ ಜುಲೈ 26ರಂದು ದಂಡು ಪ್ರದೇಶ ಮತ್ತೆ ಮೈಸೂರಿಗೆ ಸೇರಿತು. ಮರುವರ್ಷವೇ ಕ್ಲೂನಿ ಶಾಲೆ ಆರಂಭವಾಯಿತು. ಮಂಗಳೂರಿನಲ್ಲಿ 1870ರಿಂದ ನೆಲೆಯೂರಿದ್ದ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿ ಬೆಂಗಳೂರಿಗೆ ಬಂತು. ಅವರದೇ ಸೋಫಿಯಾ ಶಾಲೆ 1949ರಲ್ಲಿ ಅರಮನೆ ರಸ್ತೆಯಲ್ಲಿ ತಲೆಯೆತ್ತಿತು.

ಕ್ಲೂನಿ ಎಂಬುದು ಫ್ರಾನ್ಸಿನ ಬರ್ಗಂಡಿ ಸೀಮೆಯ ಒಂದು ಊರು. ಅದೇ ಸೀಮೆಯ ರೈತ ಮನೆತನದಲ್ಲಿ 1779ರಲ್ಲಿ ಹುಟ್ಟಿದ ಆನ್ ಮರಿ ಜಾವುಹೆ 1807ರಲ್ಲಿ ಕ್ಲೂನಿ ಭಗಿನಿಯರ ಸಂಸ್ಥೆಯನ್ನು ಕಟ್ಟಿದರು. ಫ್ರೆಂಚ್ ಗಯಾನಾದ ಮಾನಾದಲ್ಲಿ ಅವರು ಬಿಡುಗಡೆಗೊಂಡ ಗುಲಾಮರಿಗಾಗಿ ದುಡಿದರು. ಫ್ರೆಂಚರ ಪಾಂಡಿಚೇರಿಗೆ 1827ರಲ್ಲಿ ಬಂದ ಭಗಿನಿಯರ ಮೂಲಕ ಸಂಸ್ಥೆ ಭಾರತದಲ್ಲಿ ಕಾಲೂರಿತು. ಮಲ್ಲೇಶ್ವರದ ಶಾಲೆಗೆ ಎರಡು ವರ್ಷ ತುಂಬಿದಾಗ, 1950ರಲ್ಲಿ, ಪೋಪ್ ಹನ್ನೆರಡನೇ ಪಯಸ್ ಜಾವುಹೆಯವರನ್ನು ಧನ್ಯರ ಸಾಲಿಗೆ ಸೇರಿಸಿದರು.

ಶಾಲೆಗೆ ದೊರೆತ ನೆಲೆಯೂ ಗಮನಾರ್ಹ. 1898ರ ಪ್ಲೇಗಿನ ನಂತರ ಇಕ್ಕಟ್ಟಿನ ಪೇಟೆಯನ್ನು ಬಿಟ್ಟು ಬಂದವರು ಮಲ್ಲೇಶ್ವರವನ್ನು ತುಂಬಿದರು. ಕಾಡುಮಲ್ಲೇಶ್ವರನ ಗುಡಿಯ ಹೆಸರು ಹೊತ್ತ ಈ ಬಡಾವಣೆ ಓದುಬರಹ ಬಲ್ಲ ನೌಕರವರ್ಗದ ನೆಲೆಯಾಯಿತು. ಪಕ್ಕದಲ್ಲೇ 1909ರಲ್ಲಿ ಹುಟ್ಟಿದ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು. ಜಾಲಹಳ್ಳಿ ಕಡೆ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಕಾರ್ಖಾನೆಗಳು ಬಂದವು. ಹೊರ ರಾಜ್ಯಗಳಿಂದ ಬಂದ, ವರ್ಗಾವಣೆಗೆ ಸಿದ್ಧವಿರಬೇಕಾದ ಕುಟುಂಬಗಳು ಹೆಚ್ಚಿದಂತೆ ಉತ್ತರ ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದ ಬೇಡಿಕೆಯೂ ಬೆಳೆಯಿತು. ಹೆಣ್ಣುಮಕ್ಕಳಿಗೆಂದೇ ಇದ್ದ, ಭಗಿನಿಯರ ಮೇಲ್ವಿಚಾರಣೆಯ ಶಾಲೆ ಮಗಳನ್ನು ಮುಂದಕ್ಕೆ ಓದಿಸಲು ಹಿಂಜರಿಯುವ ಮನೆಗಳಿಗೂ ಭರವಸೆ ಕೊಡಬಲ್ಲದಾಗಿತ್ತು.

ಕನ್ನಡದ ಆಡುಮಾತಿನಲ್ಲಿ 'ಕಾನ್ವೆಂಟ್' ಪದದ ಅರ್ಥ ಹಿಗ್ಗಿದ್ದು ಇಂಥ ಶಾಲೆಗಳ ಪ್ರಭಾವದಿಂದ. ಭಗಿನಿಯರ ಮಠವನ್ನು ಸೂಚಿಸುವ ಈ ಪದ, ಭಗಿನಿಯರೇ ಇಲ್ಲದ ಇಂಗ್ಲಿಷ್ ಮಾಧ್ಯಮ ಶಾಲೆಗೂ ಸಾಮಾನ್ಯ ಹೆಸರಾಯಿತು. ಪದದ ಜೊತೆಗೆ ಭಾಷೆಯ ಪ್ರಶ್ನೆಯೂ ಬಂತು. 1982ರ ಗೋಕಾಕ್ ಚಳವಳಿ ಶಾಲೆಗಳಲ್ಲಿ ಕನ್ನಡದ ಸ್ಥಾನವನ್ನು ನಾಡಿನ ಮುಂದಿಟ್ಟಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸುವ ರಾಜ್ಯದ ನೀತಿಯನ್ನು ಸುಪ್ರೀಂ ಕೋರ್ಟ್ 2014ರ ಮೇ 6ರಂದು ಒಪ್ಪಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂಬ ತೀರ್ಪೂ ಅದೇ ದಿನ ಬಂತು. ಈ ಶಾಲೆಗಳ ಹಕ್ಕಿಗೆ ಸಂವಿಧಾನದ 30ನೇ ವಿಧಿಯೇ ಆಧಾರ. ಇತ್ತ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ವಿಧಿಸಿತು.

ಹೀಗಾಗಿ ಕ್ಲೂನಿಯಂಥ ಶಾಲೆಯನ್ನು ಕೇವಲ ಮಿಷನರಿಗಳ ಕೊಡುಗೆಯೆಂದೋ ಇಂಗ್ಲಿಷ್ ಮೋಹದ ಫಲವೆಂದೋ ನೋಡಿದರೆ ಸಾಲದು. ಫ್ರಾನ್ಸಿನ ಭಗಿನಿಯರ ಪರಂಪರೆ, ದಂಡು–ಪೇಟೆಗಳ ಕೂಡಿಕೆ, ಮಗಳನ್ನು ಓದಿಸಬೇಕೆಂಬ ಬಡಾವಣೆಯ ತಂದೆತಾಯಿಗಳ ಹಂಬಲ ಈ ಮೂರೂ ಕೂಡಿ ಅದು ರೂಪುಗೊಂಡಿದೆ.